ಗ್ರೀಫ್ ಎಂಬ ಶಬ್ದ

‘ರಿಗ್ರೆಟ್’ ಬೇಡ ಎಂದರು ಪರೀಖ್ ಸಾಹೇಬರು. ಶ್ರೀಪಾದ ಬೆಳಿಗ್ಗೆ ಬಂದವನೇ ಟೈಪು ಮಾಡಿ ಒಯ್ದಿಟ್ಟಿದ್ದ ಸಂತಾಪದ ಪತ್ರದಲ್ಲಿ ಆ ಒಂದು ಶಬ್ದದ ಸುತ್ತ ಪೆನ್ನಿನಿಂದ ಸುತ್ತು ಹಾಕಿ, ಅದು ಸಾಲದೆಂಬಂತೆ ಅದರ ಮೇಲೆಯೇ ಇನ್ನೊಂದು ಸುತ್ತು ಹಾಕಿದರು. "ರಿಗ್ರೆಟ್ ಅಂದರೆ ನಮ್ಮ ಕಡೆಯಿಂದ ಏನೋ ತಪ್ಪಾಗಿದೆ ಅಂತ ಓದಬಹುದಂತೆ. ವಕೀಲರು ಹೇಳಿದರು. ಗ್ರೀಫ್ ಅಂತ ಹಾಕಿ. ಗ್ರೀಫ್ ಯಾರಿಗೆ ಬೇಕಾದರೂ ಆಗಬಹುದು, ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ." ಶ್ರೀಪಾದ ಆಗಲಿ ಎಂದ. ಹನ್ನೊಂದು ವರ್ಷಗಳಿಂದ ವಟ್ವಾದ ಈ ಬಣ್ಣದ ಕಾರ್ಖಾನೆಯಲ್ಲಿ ಪರೀಖರು ಗುಜರಾತಿಯಲ್ಲಿ ಯೋಚಿಸಿದ್ದನ್ನು ಅವನು ಇಂಗ್ಲಿಷಿನಲ್ಲಿ ಬರೆಯುತ್ತ ಬಂದಿದ್ದ. ಪರ್ಸನೆಲ್ ವಿಭಾಗದ ಹೆಡ್ ಕ್ಲಾರ್ಕು ಎಂಬುದು ಕಾಗದದ ಮೇಲಿನ ಹುದ್ದೆ. ನಿಜವಾಗಿ ಅವನು ಆ ಕಂಪನಿಯ ಇಂಗ್ಲಿಷು. ಪತ್ರ ತೆಗೆದುಕೊಂಡು ಹೊರಡಬೇಕೆಂದು ಅವನು ಕೈ ಚಾಚಿದಾಗ ಪರೀಖರು ಕಾಗದ ಬಿಡಲಿಲ್ಲ. ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ಫೈಲು ತೆರೆದು, ಅವನ ಕಡೆ ತಿರುಗಿಸಿಟ್ಟರು. ಅದರಲ್ಲಿ ತೀರಿಕೊಂಡ ಗುಂಡಪ್ಪನ ಅಹವಾಲು ಫಾರ್ಮು ಇತ್ತು. ಮಾರ್ಚ್ ತಿಂಗಳದ್ದು. "ಇದು ನಿಮ್ಮ ಡ್ರಾಫ್ಟಿಂಗ್ ಅಲ್ಲವೇ? ನಿನ್ನೆ ವಕೀಲರಿಗೆ ತೋರಿಸಿದೆ. ಬಹಳ ಮೆಚ್ಚಿಕೊಂಡರು."

ಶ್ರೀಪಾದ ಆ ಫಾರ್ಮನ್ನು ಓದಬೇಕಾಗಿರಲಿಲ್ಲ. ಶನಿವಾರ ಮಧ್ಯಾಹ್ನ ಗುಂಡಪ್ಪ ಎರಡನೇ ಶೆಡ್ಡಿನಲ್ಲಿ ತುಟಿ ನೀಲಿಗಟ್ಟಿ ಕುಸಿದು ಬಿದ್ದನೆಂದು, ಆಸ್ಪತ್ರೆ ಮುಟ್ಟುವ ಮುಂಚೆಯೇ ತೀರಿಕೊಂಡನೆಂದು ಸುದ್ದಿ ಬಂದಾಗಿನಿಂದ ಅವನು ಅದನ್ನೇ ಕಣ್ಣು ಮುಚ್ಚಿ ಓದುತ್ತಿದ್ದ. ‘ನೇಚರ್ ಆಫ್ ಗ್ರೀವನ್ಸ್’ ಎಂಬ ಕಾಲಮ್ಮಿನ ಎದುರಿಗೆ ತನ್ನದೇ ದುಂಡಗಿನ ಅಕ್ಷರದಲ್ಲಿ ಒಂದೇ ಇಂಗ್ಲಿಷ್ ವಾಕ್ಯ: ಮನೆಯ ಪರಿಸ್ಥಿತಿಯ ಕಾರಣದಿಂದ ಕೆಲಸದ ಬದಲಾವಣೆ ಕೋರುತ್ತೇನೆ. ಅದರ ಕೆಳಗೆ ಗುಂಡಪ್ಪನ ಕನ್ನಡ ಸಹಿ, ಶಾಲೆಯ ಹುಡುಗನಂತೆ ಒತ್ತಿ ಬರೆದದ್ದು. ಅದರ ಕೆಳಗೆ, ‘ಅರ್ಜಿದಾರನ ಭಾಷೆಯಲ್ಲಿ ಓದಿ ತಿಳಿಸಲಾಗಿದೆ’ ಎಂಬ ಅಚ್ಚಿನ ಸಾಲಿನ ಮುಂದೆ ಶ್ರೀಪಾದನ ಸಹಿ. ಮೂಲೆಯಲ್ಲಿ ಪರೀಖರ ಹಸಿರು ಶಾಯಿ: ತುರ್ತಿಲ್ಲ. "ನೋಡಿ," ಎಂದರು ಪರೀಖರು, "ಆರೋಗ್ಯದ ಮಾತೇ ಇಲ್ಲ. ಹೊಗೆ ಇಲ್ಲ, ತಲೆಸುತ್ತು ಇಲ್ಲ. ಮನೆಯಲ್ಲೇ ಏನೋ ತೊಂದರೆ ಇತ್ತು ಅಂತ ಅವನೇ ಸಹಿ ಮಾಡಿ ಕೊಟ್ಟಿದ್ದಾನೆ. ಮನೆಯಲ್ಲಿ ತೊಂದರೆ ಇದ್ದವರು ಏನು ಮಾಡುತ್ತಾರೆ? ಕುಡಿಯುತ್ತಾರೆ. ಪಾನನಿಷೇಧದ ಈ ರಾಜ್ಯದಲ್ಲಿ ಸಿಗುವುದು ಲಠ್ಠಾ, ಕಳ್ಳಭಟ್ಟಿ. ಲಠ್ಠಾ ಕುಡಿದರೆ ತುಟಿ ನೀಲಿಯಾಗದೆ ಕೆಂಪಾಗುತ್ತದೆಯೇ? ನಾಡಿದ್ದು ಕಾರ್ಖಾನೆ ಇನ್ಸ್‌ಪೆಕ್ಟರು ಬರುತ್ತಾರೆ. ಈ ಕಾಗದ ಇದ್ದರೆ ಸಾಕು." ಆಮೇಲೆ ಬೇರೆ ಧ್ವನಿಯಲ್ಲಿ, ವಡೋದರಾ ಆಫೀಸಿನಲ್ಲಿ ಪರ್ಸನೆಲ್ ಆಫೀಸರ ಜಾಗ ಖಾಲಿಯಾಗುವುದಿದೆ, ನಿಮ್ಮ ಹೆಸರು ಹೇಳಿದ್ದೇನೆ ಎಂದರು. "ಪತ್ರ ನೀವೇ ಒಯ್ದು ಅವನ ಹೆಂಡತಿಗೆ ಓದಿ ಹೇಳಿ. ನಿಮ್ಮ ಭಾಷೆಯವಳು. ನಿಮ್ಮ ಮೇಲೆ ಅವರಿಗೆ ನಂಬಿಕೆ."

ತನ್ನ ಮೇಜಿಗೆ ಬಂದು ಕುಳಿತು ಮಷೀನಿಗೆ ಹೊಸ ಕಾಗದ ಏರಿಸಿದ. ಕಿಟಕಿಯ ಹೊರಗೆ ಕಾಂಪೌಂಡಿನ ಗುಂಟ ಹರಿಯುವ ನಾಲೆಯ ನೀರು ಇವತ್ತು ನೇರಳೆಯಾಗಿತ್ತು. ನಿನ್ನೆ ಯಾವ ಬಣ್ಣವಿತ್ತೋ ನೆನಪಾಗಲಿಲ್ಲ. ಗುಂಡಪ್ಪ ಮಾರ್ಚಿನಲ್ಲಿ ಬಂದದ್ದು ಈ ಮೇಜಿಗೇ, ಊಟದ ಬಿಡುವಿನಲ್ಲಿ, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು. ಆಫೀಸಿನಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದರೂ ಬಿಡುತ್ತಿದ್ದ. "ರಾಯರ, ನಡುಮಧ್ಯಾಹ್ನ ತಲಿ ಗಿರ್ರ್ ಅಂತೈತ್ರಿ. ತುಟಿ ಉಗುರು ನೀಲಿ ಆಗತಾವು. ಮನಿಗೆ ಹೋಗಿ ಗಾಳ್ಯಾಗ ಕುಂತ್ರ ರಾತ್ರಿಗೆ ಇಳೀತೈತಿ. ಮರುದಿನ ಮತ್ತ ಅದ. ಗೋಡೌನಿಗೆ ಹಾಕ್ರಿ ಅಂತ ಒಂದು ಅರ್ಜಿ ಬರಕೊಡ್ರಿ." ಶ್ರೀಪಾದ ಫಾರ್ಮು ತೆಗೆದ. ಪೆನ್ನು ಕಾಲಮ್ಮಿನ ಮೇಲೆ ನಿಂತಿತು. ಹಿಂದಿನ ವರ್ಷ ಕಣ್ಣುರಿಯೆಂದು ಬರೆಸಿಕೊಂಡವನೊಬ್ಬ ಮರುತಿಂಗಳು ಕೆಲಸದಲ್ಲಿ ಇರಲಿಲ್ಲ. ಶೆಡ್ಡು, ಹೊಗೆ, ನೀಲಿ ಎಂದು ಬರೆದರೆ ಪರೀಖರ ಹುಬ್ಬು ಗಂಟಾಗುತ್ತದೆ. ಮನೆಯ ಕಾರಣವೆಂದರೆ ಯಾರಿಗೂ ಚುಚ್ಚುವುದಿಲ್ಲ, ಸಲೀಸಾಗಿ ಆಗಿಹೋಗುತ್ತದೆ. ಇವನಿಗೆ ಬೇಕಾದದ್ದು ಗೋಡೌನು ತಾನೇ? ಆ ಕ್ಷಣದಲ್ಲಿ ತನ್ನ ಬುದ್ಧಿವಂತಿಕೆಯ ಬಗ್ಗೆ ಒಂದು ಸಣ್ಣ ಸುಖ ಆಗಿತ್ತು. ಅದು ಈಗಲೂ ನೆನಪಿತ್ತು. ಬೆಲ್ಲದ ಚೂರು ನಾಲಿಗೆಯ ಮೇಲೆ ಇಟ್ಟಂಥ ಸುಖ. ಬರೆದ. ಅಷ್ಟರಲ್ಲಿ ಗುಂಡಪ್ಪ, "ಓದಿ ಹೇಳ್ರಿ ರಾಯರ, ಏನು ಬರದ್ರಿ" ಎಂದ. ಬಿಡುವು ಮುಗಿಯುವ ಗಂಟೆ ಹೊಡೆಯುತ್ತಿತ್ತು. ಇಷ್ಟೆಲ್ಲ ಬಿಡಿಸಿ ಹೇಳುವುದು ಯಾರು? ಶ್ರೀಪಾದ ಕಾಗದ ಎದುರಿಗೆ ಹಿಡಿದು, ಅಕ್ಷರಗಳ ಮೇಲೆ ಕಣ್ಣಾಡಿಸುತ್ತ, ಗುಂಡಪ್ಪ ತನಗೆ ಹೇಳಿದ್ದನ್ನೇ ಅವನಿಗೆ ವಾಪಸು ಓದಿದ: ಮಧ್ಯಾಹ್ನದ ಹೊತ್ತು ತಲೆ ತಿರುಗುತ್ತದೆ, ತುಟಿ ಉಗುರು ನೀಲಿಯಾಗುತ್ತವೆ, ಆದಕಾರಣ. ಗುಂಡಪ್ಪ ತಲೆ ತಗ್ಗಿಸಿ ಪ್ರತಿ ಮಾತಿಗೂ ಹೂಂ ಎಂದ. ಕೊನೆಯಲ್ಲಿ, "ಭಾಳ ಚಲೋ ಬರದ್ರಿ. ಎಲ್ಲಾ ಬಂತು" ಎಂದು ಸಹಿ ಮಾಡಿದ. ಸಹಿ ಮಾಡುವಾಗ ನಾಲಿಗೆಯ ತುದಿ ಹೊರಗೆ ಬಂದಿತ್ತು. ಶ್ರೀಪಾದ ಮಷೀನಿನ ಮೇಲೆ ಬೆರಳಿಟ್ಟ. ಗ್ರೀಫ್. ಇಂಗ್ಲಿಷಿನಲ್ಲಿ ಐದು ಅಕ್ಷರ. ‘ರಿಗ್ರೆಟ್’ಗಿಂತ ಒಂದು ಕಡಿಮೆ.

ಸಂಜೆ ಮಣಿನಗರದ ಮನೆಗೆ ಬಂದಾಗ ಹೆಂಡತಿ ಸುಮತಿ ಅವನ ಮುಖ ನೋಡಿ ಚಹಾ ತಂದಿಟ್ಟಳು. ವಡೋದರಾದ ಮಾತು ಅವನ ಬಾಯಿಂದ ತಾನಾಗಿಯೇ ಹೊರಬಿತ್ತು. ಇನ್ನೇನನ್ನೋ ಹೇಳಹೊರಟು ಇದನ್ನು ಹೇಳಿದ್ದ. ಅವಳ ಕಣ್ಣು ಅರಳಿದವು. "ಅಕ್ಕನ ಮನಿ ಹತ್ರ ಆಗತದ. ವಿಮಲಾಗ ಅಲ್ಲಿ ಚಲೋ ಸಾಲಿ ಅದ ಅಂತ ಅಕ್ಕ ಯಾವಾಗಿಂದ ಹೇಳ್ಲಿಕ್ಕತ್ಯಾಳ" ಎಂದಳು. ಶನಿವಾರದಿಂದ ಆ ಮನೆಯಲ್ಲಿ ಯಾರೂ ಇಷ್ಟು ಲವಲವಿಕೆಯಿಂದ ಮಾತಾಡಿರಲಿಲ್ಲ. ಅವನಿಗೆ ಅದನ್ನು ಕಸಿದುಕೊಳ್ಳುವ ಧೈರ್ಯವಾಗಲಿಲ್ಲ. ಎದ್ದು ಕಪಾಟಿನಿಂದ ನಿಘಂಟು ಇಳಿಸಿದ. ಧಾರವಾಡದ ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನವಾಗಿ ಕೊಟ್ಟದ್ದು, ಬೆನ್ನು ಹರಿದು ಬಟ್ಟೆಯ ಪಟ್ಟಿ ಅಂಟಿಸಿದ್ದ. ಯಾಕೆ ತೆಗೆದನೋ ಅವನಿಗೇ ಗೊತ್ತಿರಲಿಲ್ಲ. ಇಡೀ ದಿನ ಪರೀಖರ ಮಾತು ಕಿವಿಯಲ್ಲಿ ಕೂತಿತ್ತು: ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಅರ್ಥಗಳ ಕೊನೆಗೆ, ಚೌಕ ಕಂಸದೊಳಗೆ, ಶಬ್ದದ ಹುಟ್ಟು ಕೊಟ್ಟಿತ್ತು. ಹಳೆಯ ಫ್ರೆಂಚಿನಿಂದ ಬಂದದ್ದು. ಅದಕ್ಕೂ ಹಿಂದೆ ಲ್ಯಾಟಿನ್. ಅಲ್ಲಿ ಅದರ ಬೇರಿನ ಅರ್ಥ ಭಾರವಾದದ್ದು, ತೂಕವುಳ್ಳದ್ದು. ಭಾರ ಹೇರುವುದು ಎಂಬ ಕ್ರಿಯಾಪದದಿಂದ ಬೆಳೆದದ್ದು. ಮೊದಮೊದಲು ಒಬ್ಬರ ಮೇಲೆ ಬಂದೆರಗಿದ ಕಷ್ಟಕ್ಕೆ, ಒಬ್ಬರಿಗೆ ಆದ ಕೇಡಿಗೆ ಈ ಹೆಸರಿತ್ತು. ಹೊತ್ತವನ ಮನಸ್ಸಿನ ನೋವು ಎಂಬ ಅರ್ಥ ಗಟ್ಟಿಯಾದದ್ದು ಆಮೇಲೆ. ಶ್ರೀಪಾದ ಆ ನಾಲ್ಕು ಸಾಲನ್ನು ಎರಡು ಸಲ ಓದಿದ. ಹಾಗಿದ್ದರೆ ಪರೀಖರು ಹೇಳಿದ್ದು ಸುಳ್ಳು. ಕಾರಣ ಕೇಳದ ಶಬ್ದವಲ್ಲ ಇದು. ಭಾರ ಅಂದಮೇಲೆ ಹೇರಿದವನೊಬ್ಬ ಇರಲೇಬೇಕು. ಅವನ ಬೆರಳು ತಾನಾಗಿ ಕೆಳಗಿನ ನಮೂದಿಗೆ ಜಾರಿತು. ಗ್ರೀವನ್ಸ್. ಅದೇ ಬೇರು, ಅದೇ ತೂಕ. ಒಂದೇ ಮನೆಯ ಎರಡು ಶಬ್ದಗಳು ಒಂದರ ಕೆಳಗೊಂದು ಅಚ್ಚಾಗಿ ಕೂತಿದ್ದವು. ಒಂದನ್ನು ಮಾರ್ಚಿನಲ್ಲಿ ಅವನ ಮುಂದೆ ತಂದಿಟ್ಟಿದ್ದರು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಈಗ ಇನ್ನೊಂದನ್ನು ಆ ಮನೆಗೆ ಒಯ್ದು ಕೊಡಬೇಕಾಗಿತ್ತು.

ವಿಮಲಾ ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳಿಗೆ ಹದಿಮೂರು. ಹುಟ್ಟಿದ್ದು ಬೆಳೆದದ್ದು ಇಲ್ಲಿಯೇ. ಕನ್ನಡವನ್ನು ಅವಳು ಇನ್ನೊಬ್ಬರ ಮನೆಯ ಪಾತ್ರೆ ಹಿಡಿದಂತೆ ಜೋಪಾನವಾಗಿ ಹಿಡಿಯುತ್ತಿದ್ದಳು. "ಅಪ್ಪಾ, ಗ್ರೀಫ್‌ಗೆ ಕನ್ನಡಾದಾಗ ಏನು?"

"ದುಃಖ ಅಂತಾರ. ಅಳಲು ಅಂತಾರ."

"ಅಳೋದು?"

"ಅಳೋದಲ್ಲ. ಅಳಲು. ಒಳಗಿರತದಲ್ಲ, ಅದು."

"ಮತ್ತ ಗ್ರೀವನ್ಸ್‌ಗೆ?"

ಶ್ರೀಪಾದ ಬಾಯಿ ತೆರೆದ. ಅಹವಾಲು ಎನ್ನಬಹುದಿತ್ತು, ಕುಂದುಕೊರತೆ ಎನ್ನಬಹುದಿತ್ತು. ಆದರೆ ನಾಲಿಗೆಯ ಮೇಲೆ ಬಂದು ನಿಂತದ್ದು ಬೇರೆ. ಬಡವ ಸಾಹೇಬನ ಮುಂದೆ ನಿಂತು ತೋಡಿಕೊಳ್ಳುವುದು ಏನನ್ನು? ಬಾವಿ ತೋಡಿದ ಹಾಗೆ ತನ್ನೊಳಗಿಂದ ತೋಡಿ ತೆಗೆಯುವುದು ಏನನ್ನು? "ಅದಕ್ಕೂ ಅಳಲು ಅಂತಾರ" ಎಂದ. ವಿಮಲಾ ನಕ್ಕಳು. "ಸೇಮ್ ವರ್ಡ್? ಹಂಗಾದ್ರ ಯಾವುದು ಯಾವುದಂತ ಹೆಂಗ ಗೊತ್ತಾಗತದ?" ಅವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಒಳಗೆ ಸುಮತಿ ಅವಳಿಗೆ ವಡೋದರಾದ ಸುದ್ದಿ ಹೇಳುತ್ತಿದ್ದದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಕಂಪನಿಯ ಲಕೋಟೆ ಹಿಡಿದು ಅವನು ವಟ್ವಾ ಸ್ಟೇಷನ್ನಿನ ಆಚೆಗಿನ ಚಾಳಿಗೆ ಹೋದ. ದಾರಿಯುದ್ದಕ್ಕೂ ವಾಕ್ಯಗಳನ್ನು ಕನ್ನಡಕ್ಕೆ ಮಾಡಿಕೊಳ್ಳುತ್ತಿದ್ದ. ಯಾವುದೂ ಬಾಯಲ್ಲಿ ನಿಲ್ಲಲಿಲ್ಲ. ಗುಂಡಪ್ಪನ ಹೆಂಡತಿ ಗೌರಮ್ಮ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದ ಮನೆಯ ಗುಜರಾತಿ ಹೆಂಗಸು ಅವನನ್ನು ಕಂಡು ತಲೆಯ ಮೇಲೆ ಸೆರಗೆಳೆದು ಎದ್ದು ಹೋದಳು. ಹಗ್ಗದ ಮೇಲೆ ಒಂದು ದಿಂಬಿನ ಚೀಲ ಒಣಗುತ್ತಿತ್ತು, ನಡುವೆ ತಲೆಯಿಡುವ ಜಾಗದಲ್ಲಿ ಅರಿಸಿನದ ಹಾಗೆ ಹಳದಿ. ಅವನು ಅದನ್ನು ನೋಡುತ್ತಿರುವುದನ್ನು ಅವಳು ನೋಡಿದಳು. "ಎಷ್ಟು ತೊಳದ್ರೂ ಹೋಗೂದಿಲ್ರಿ. ಮೈಯಾಗಿಂದ ಬರೂ ಬಣ್ಣ ಅದು" ಎಂದಳು. ಶ್ರೀಪಾದ ಚಾಪೆಯ ಅಂಚಿಗೆ ಕುಳಿತು ಲಕೋಟೆ ಒಡೆದ. ಮ್ಯಾನೇಜ್‌ಮೆಂಟಿಗೆ ತೀವ್ರವಾದ, ಎಂದು ಶುರುಮಾಡಿ ನಿಂತ.

"ಕಂಪನಿ ಏನಂತೈತ್ರಿ ಅದರಾಗ?"

"ಗುಂಡಪ್ಪ ಹೋಗಿದ್ದಕ್ಕ ಅವರಿಗೆ ಭಾಳ ದುಃಖ ಆಗೇದ ಅಂತ."

"ಅವರಿಗ್ಯಾಕ ಆಗತೈತ್ರಿ?" ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಶ್ರೀಪಾದ ಕಾಗದ ಮಡಚಿ ಅವಳ ಮುಂದಿಟ್ಟ. ಅವಳು ಅದನ್ನು ಮುಟ್ಟಲಿಲ್ಲ. ತಾನೇ ಮಾತಾಡಿದಳು. "ಕುಡದು ಸತ್ತಾನ ಅಂತ ಮಂದಿ ಅನ್ನಾಕತ್ತಾರಂತ. ಕೊರಳಾಗ ಲಿಂಗ ಕಟ್ಟಿದಾಂವ್ರಿ ಅಂವ. ಬೀಡಿ ಸೈತ ಸೇದಿದಾಂವಲ್ಲ. ಆದ್ರ ನನಗೇನೂ ಅಂಜಿಕಿ ಇಲ್ಲ. ನಾ ಎಲ್ಲಾರಿಗೂ ಹೇಳೇನಿ, ರಾಯರು ಬರದ ಕಾಗದ ಐತಿ ಕಂಪನ್ಯಾಗ, ತುಟಿ ನೀಲಿ ಆಗೂದು, ತಲಿ ತಿರಗೂದು ಎಲ್ಲಾ ಅದರಾಗ ಐತಿ ಅಂತ. ಅವತ್ತ ಮನಿಗೆ ಬಂದು ಒಂದೊಂದ ಮಾತು ನನ್ನ ಮುಂದ ಹೇಳಿದ್ದ. ನೀವು ಓದಿ ಹೇಳಿದ್ರಲ್ಲ, ಹಂಗ."

ಹೌದು ಎಂದ ಶ್ರೀಪಾದ. ಇನ್ನೂ ಕೂತಿದ್ದರೆ ಮತ್ತೇನಾದರೂ ಕೇಳುತ್ತಾಳೆಂದು ಎದ್ದ. ಚಪ್ಪಲಿ ಮೆಟ್ಟುವಾಗ ಕಾಲು ಹೊಂದಲಿಲ್ಲ. ಚಾಳಿನ ಓಣಿ ದಾಟಿ, ನಾಲೆಯ ಮೇಲಿನ ಹಲಗೆ ದಾಟಿ, ಬಸ್ಸು ನಿಲ್ಲುವ ಜಾಗದಲ್ಲಿ ಬಂದು ನಿಂತ. ಆಫೀಸಿಗೆ ಹೋಗಿ ಪತ್ರ ಮುಟ್ಟಿಸಿದೆನೆಂದು ಹೇಳಬೇಕು. ನಾಳೆ ಇನ್ಸ್‌ಪೆಕ್ಟರು ಬರುತ್ತಾರೆ, ಕಾಗದ ನೋಡುತ್ತಾರೆ, ಹೋಗುತ್ತಾರೆ. ಗೌರಮ್ಮ ಎಲ್ಲರಿಗೂ ಹೇಳುತ್ತಲೇ ಇರುತ್ತಾಳೆ, ರಾಯರು ಬರೆದ ಕಾಗದ ಇದೆ ಎಂದು. ಆ ಕಾಗದ ಹೊರಗೆ ಬಂದ ದಿನ ಅದು ಅವಳ ಗಂಡನನ್ನು ಕುಡುಕನನ್ನಾಗಿ ಮಾಡುತ್ತದೆ, ಅವಳ ಮನೆಯನ್ನು ಜಗಳದ ಮನೆಯನ್ನಾಗಿ ಮಾಡುತ್ತದೆ. ಅವಳಿಗೆ ಮಾತ್ರ ಕೊನೆಯವರೆಗೂ, ಅದರಲ್ಲಿ ನೀಲಿ ತುಟಿ ಇದೆ, ಕಂಪನಿಯವರೇ ಮುಚ್ಚಿಡುತ್ತಿದ್ದಾರೆ ಎನ್ನಿಸುತ್ತದೆ. ತಾನು ವಡೋದರಾದಲ್ಲಿರುತ್ತೇನೆ. ಬಸ್ಸು ಬಂತು. ಕಂಡಕ್ಟರು ಅವನನ್ನು ಹತ್ತುತ್ತೀರಾ ಎಂಬಂತೆ ನೋಡಿದ. ಶ್ರೀಪಾದ ಬಸ್ಸಿನ ಬಾಗಿಲ ಸರಳು ಹಿಡಿದಿದ್ದ. ಬಿಟ್ಟ. ಬಸ್ಸು ಹೋಯಿತು. ಅದು ಧೈರ್ಯವಾಗಿರಲಿಲ್ಲ. ಎತ್ತ ಹೋದರೂ ಗೋಡೆಯೇ ಎಂದು ಗೊತ್ತಾದ ಇಲಿ ಬಂದ ದಾರಿಯಲ್ಲೇ ತಿರುಗಿದಂತೆ ಅವನು ತಿರುಗಿ ಚಾಳಿಗೆ ನಡೆದ.

"ನಾ ಅದನ್ನ ಬರದಿಲ್ಲ ಗೌರಮ್ಮಾ" ಎಂದ, ಹೊಸ್ತಿಲ ಹೊರಗೇ ನಿಂತು.

ಅವಳಿಗೆ ತಿಳಿಯಲಿಲ್ಲ. "ಓದಿ ಹೇಳಿದ್ರಲ್ರಿ?"

"ಓದಿದ್ದು ಬಾಯಿಲೆ. ಕಾಗದದಾಗ ಇರಲಿಲ್ಲ."

"ಮತ್ತ ಕಾಗದದಾಗ ಏನು ಬರದ್ರಿ?"

"ಮನ್ಯಾಗ ಅಡಚಣಿ ಅದ, ಅದಕ್ಕ ಬ್ಯಾರೆ ಕೆಲಸ ಬೇಕು ಅಂತ."

ಗೌರಮ್ಮ ಸುತ್ತ ನೋಡಿದಳು. ಒಂದು ಒಲೆ, ಒಂದು ಟ್ರಂಕು, ಗೋಡೆಯ ಮೇಲೆ ಕ್ಯಾಲೆಂಡರು, ಹಗ್ಗದ ಮೇಲೆ ಆ ದಿಂಬಿನ ಚೀಲ. ಅಡಚಣೆ ಎಲ್ಲಿದೆ ಎಂದು ಹುಡುಕುವಂತೆ ನೋಡಿದಳು. "ನಮ್ಮ ಮನ್ಯಾಗ ಏನು ಅಡಚಣಿ ಇತ್ರಿ?" ಎಂದಳು. ಅವಳು ಅಳುತ್ತಾಳೆಂದು ಅವನು ಕಾದ. ಶಪಿಸಿದರೆ ಒಳ್ಳೆಯದೆಂದು ಕಾದ. ಅವಳು ಎರಡನ್ನೂ ಮಾಡಲಿಲ್ಲ. "ನಮ್ಮಣ್ಣ ಸೊಲ್ಲಾಪುರದ ಮಿಲ್ಲಿಗೆ ಬಾ ಅಂತ ಮೂರು ಸಲ ಬರದಿದ್ದ. ಬ್ಯಾಡ, ರಾಯರು ಕಾಗದ ಹಾಕ್ಯಾರ, ಇವತ್ತಿಲ್ಲ ನಾಳೆ ಗೋಡೌನು ಸಿಗತೈತಿ ಅಂತ ದಿನಾ ಅದ ಶೆಡ್ಡಿಗೆ ಹೋಗತಿದ್ದ. ಏಳು ತಿಂಗಳು." ಅವಳು ಎಣಿಸಿ ಹೇಳಿದ ತಿಂಗಳುಗಳಲ್ಲಿ ಗುಂಡಪ್ಪ ಎಷ್ಟೋ ಸಲ ಅವನ ಮೇಜಿನ ಮುಂದೆ ಹಾದುಹೋಗಿದ್ದ, ಕೇಳಬಾರದೆಂದು ಕೇಳದೆ, ಬರೀ ನಕ್ಕು. ಶ್ರೀಪಾದ ತಾನೂ ನಕ್ಕಿದ್ದ. ಒಂದು ಸಲ, ವಿಚಾರ ಮಾಡಲಿಕ್ಕತ್ತಾರ ಎಂದಿದ್ದ. ನಾಳೆ ಇನ್ಸ್‌ಪೆಕ್ಟರು ಆ ಕಾಗದ ನೋಡಲು ಬರುತ್ತಾರೆಂದು ಈಗ ಹೇಳಿದ.

"ನಾಳೆ ಆ ಸಾಹೇಬ ಬರತಾನಲ್ರಿ, ಅವನ ಮುಂದ ಇದನ್ನ ಹೇಳತೀರೇನು?" ಎಂದಳು ಗೌರಮ್ಮ.

"ಹೇಳತೀನಿ."

"ನಾನೂ ಬರತೇನಿ." ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಹೋಗ್ರಿ ಎನ್ನಲಿಲ್ಲ. ಅವನು ಎಷ್ಟು ಹೊತ್ತು ನಿಂತಿದ್ದನೋ, ಪಕ್ಕದ ಮನೆಯ ಹೆಂಗಸು ಬಂದು ದಾರಿ ಬಿಡಿ ಎಂಬಂತೆ ಕೆಮ್ಮಿದಾಗ ಸರಿದ.

ಗುರುವಾರ ಕಂಪನಿಯ ಮೀಟಿಂಗ್ ರೂಮಿನಲ್ಲಿ ಇನ್ಸ್‌ಪೆಕ್ಟರು ಒಂದು ತುದಿಗೆ, ಪರೀಖರು ಇನ್ನೊಂದು ತುದಿಗೆ ಕುಳಿತಿದ್ದರು. ಇನ್ಸ್‌ಪೆಕ್ಟರು ದಪ್ಪ ಕನ್ನಡಕದ, ನೆಗಡಿಯಾಗಿದ್ದ ಮನುಷ್ಯ. ಫಾರ್ಮನ್ನು ಎತ್ತಿ ಹಿಡಿದು, ಇದನ್ನು ಬರೆದವರು ನೀವೇ ಎಂದು ಶ್ರೀಪಾದನನ್ನು ಕೇಳಿದರು. ಶ್ರೀಪಾದ ಎದ್ದು ನಿಂತ. ರಾತ್ರಿ ಸುಮತಿಗೆ ಎಲ್ಲ ಹೇಳಿದ್ದ. ಅವಳು, ವಿಮಲಾಗ ವಡೋದರಾ ಅಂತ ಹೇಳಬಾರದಾಗಿತ್ತು ಎಂದಷ್ಟೇ ಅಂದಿದ್ದಳು. ಅವನು ಹಲವು ಸಲ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. "ಆ ವಾಕ್ಯ ನನ್ನದು ಸರ್. ಅವನದಲ್ಲ" ಎಂದ, ಗುಜರಾತಿಯಲ್ಲಿ. "ಶೆಡ್ಡಿನಲ್ಲಿ ತಲೆ ತಿರುಗುತ್ತದೆ, ತುಟಿ ನೀಲಿಯಾಗುತ್ತದೆ ಅಂತ ಅವನು ಹೇಳಿದ. ನಾನು ಬರೆಯಲಿಲ್ಲ."

ಪರೀಖರು ಸಿಟ್ಟಾಗಲಿಲ್ಲ. ಮಕ್ಕಳ ತಪ್ಪಿಗೆ ನಗುವಂತೆ ನಕ್ಕರು. "ಒಂದೇ ಊರಿನ ಕಡೆಯವರು. ಇವರ ಮನಸ್ಸಿಗೆ ಬಹಳ ಹತ್ತಿದೆ" ಎಂದರು. ಇನ್ಸ್‌ಪೆಕ್ಟರು ಮೂಗು ಒರೆಸಿಕೊಂಡು ಫಾರ್ಮಿನ ಕೆಳತುದಿಗೆ ಬೆರಳಿಟ್ಟರು. "ಅವನ ಭಾಷೆಯಲ್ಲಿ ಓದಿ ತಿಳಿಸಿದ್ದೇನೆ ಅಂತ ಸಹಿ ಮಾಡಿದ್ದೀರಿ. ಒಂದೋ ಆವತ್ತು ಸುಳ್ಳು ಹೇಳಿದಿರಿ, ಇಲ್ಲ ಇವತ್ತು ಹೇಳುತ್ತಿದ್ದೀರಿ. ಯಾವುದು?"

"ಆವತ್ತು."

"ಅದನ್ನು ನಾನು ಹೇಗೆ ನಂಬಲಿ?"

ಸುಳ್ಳು ಹೇಳಿದ್ದು ತಾನು, ಸುಳ್ಳೆಂದು ಹೇಳಬಲ್ಲವನೂ ತಾನೊಬ್ಬನೇ. ತನ್ನ ಸಹಿಯೇ ತನ್ನ ಬಾಯಿಗೆ ಕೈ ಅಡ್ಡ ಹಿಡಿದಿತ್ತು. ಇಷ್ಟು ವರ್ಷ ಎಲ್ಲರೂ ನಂಬಿದ್ದ ತನ್ನ ಮಾತನ್ನು, ನಂಬಬೇಕಾದ ಈ ಒಂದು ದಿನ, ನಂಬಬೇಡಿ ಎಂದು ತಾನೇ ಬರೆದುಕೊಟ್ಟಂತಾಗಿತ್ತು. "ಅವನ ಹೆಂಡತಿ ಹೊರಗೆ ಕೂತಿದ್ದಾಳೆ ಸರ್. ಆಕೆಗೆ ಗೊತ್ತು" ಎಂದ ಶ್ರೀಪಾದ. ಆಕೆ ಯಾವ ಭಾಷೆ ಆಡುತ್ತಾಳೆ ಎಂದು ಇನ್ಸ್‌ಪೆಕ್ಟರು ಕೇಳಿದರು. ಕನ್ನಡ ಎಂದಾಗ, "ನೀವು ಅನುವಾದ ಮಾಡುವಂತಿಲ್ಲ" ಎಂದರು. "ಗೊತ್ತು ಸರ್. ಬೇರೆಯವರನ್ನು ಕರೆಸಿದ್ದೇನೆ."

ಬೇರೆಯವರೆಂದರೆ ಬಾಲಕೃಷ್ಣ ಶೆಟ್ಟರು. ಮಣಿನಗರ ಸ್ಟೇಷನ್ನಿನೆದುರು ಇಪ್ಪತ್ತು ವರ್ಷದಿಂದ ಉಡುಪಿ ಹೋಟೆಲು ನಡೆಸುತ್ತಿದ್ದವರು. ಕನ್ನಡದಷ್ಟೇ ಚೆನ್ನಾಗಿ ಗುಜರಾತಿ ಬರುತ್ತಿತ್ತು. ಗುಂಡಪ್ಪನನ್ನು ಹೂಳಲು ಜಾಗ ಹುಡುಕಿ ಕೊಟ್ಟವರೂ ಅವರೇ. ನಿನ್ನೆ ಸಂಜೆ ಶ್ರೀಪಾದ ಹೋಗಿ ನಡೆದದ್ದನ್ನೆಲ್ಲ ಹೇಳಿ ಕೇಳಿಕೊಂಡಾಗ, "ನೀವು ಹೀಗೆ ಮಾಡಬಾರದಿತ್ತು ರಾಯರೇ" ಎಂದು ಮೆಲ್ಲಗೆ ಹೇಳಿ, ಬರುತ್ತೇನೆಂದು ಒಪ್ಪಿಕೊಂಡಿದ್ದರು. ಈಗ ಅವರು ಗೌರಮ್ಮನನ್ನು ಕರೆದುಕೊಂಡು ಒಳಗೆ ಬಂದರು. ಅವಳಿಗೆ ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತಳು. ನಿಮ್ಮ ಗಂಡ ಮನೆಯಲ್ಲಿ ಏನು ಹೇಳುತ್ತಿದ್ದ ಎಂದು ಇನ್ಸ್‌ಪೆಕ್ಟರು ಕೇಳಿದ್ದನ್ನು ಶೆಟ್ಟರು ಕನ್ನಡದಲ್ಲಿ ಹೇಳಿದರು.

ಅವಳು ಹೇಳಿದಳು. ಯಾವ ತಿಂಗಳು ಶುರುವಾಯಿತು, ಮೊದಲು ಉಗುರು ಆಮೇಲೆ ತುಟಿ, ಸಂಜೆ ಹೊಸ್ತಿಲಲ್ಲಿ ಕುಳಿತು ಹೇಗೆ ಗಾಳಿ ಎಳೆದುಕೊಳ್ಳುತ್ತಿದ್ದ, ಭಾನುವಾರ ಹೇಗೆ ತುಟಿ ಮತ್ತೆ ಕೆಂಪಾಗುತ್ತಿದ್ದವು, ಸೋಮವಾರ ಮತ್ತೆ ಹೇಗೆ. ದಿಂಬಿನ ಚೀಲ ತಂದಿದ್ದಳು. ಮೇಜಿನ ಮೇಲೆ ಹಾಸಿದಳು. ಕುಡಿಯುತ್ತಿದ್ದನೇ ಎಂದು ಕೇಳಿದಾಗ ಇಲ್ಲವೆಂದಳು, ಒಂದೇ ಸಲ, ದನಿ ಏರಿಸದೆ. ಶೆಟ್ಟರು ಒಂದೊಂದೇ ವಾಕ್ಯವನ್ನು ಗುಜರಾತಿಗೆ ಮಾಡುತ್ತಿದ್ದರು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹನಿಯೂ ಚೆಲ್ಲದೆ ಹಾಲು ಬಗ್ಗಿಸುವವರಂತೆ. ಶ್ರೀಪಾದ ಎರಡನ್ನೂ ಕೇಳುತ್ತ ಕುಳಿತ. ಇಷ್ಟು ಸುಲಭವಿತ್ತು. ನೀಲಿ ಎಂದಿದ್ದನ್ನು ನೀಲಿ ಎನ್ನುವುದು, ತುಟಿ ಎಂದಿದ್ದನ್ನು ತುಟಿ ಎನ್ನುವುದು. ಇನ್ಸ್‌ಪೆಕ್ಟರ ಪೆನ್ನು ಬರೆಯುತ್ತಲೇ ಇತ್ತು. ಪರೀಖರ ನಗು ಎಲ್ಲೋ ನಡುವೆ ನಿಂತುಹೋಗಿತ್ತು. ತಿಂಗಳೊಳಗೆ ಎರಡನೇ ಶೆಡ್ಡಿಗೆ ಬೀಗ ಬೀಳಲಿತ್ತು, ಶ್ರೀಪಾದನಿಗೆ ಸೂರತ್ತಿನ ಗೋಡೌನಿಗೆ ವರ್ಗವಾಗಲಿತ್ತು, ಅಲ್ಲಿ ಅವನು ಬರೆಯಬೇಕಾದ ಇಂಗ್ಲಿಷೆಂದರೆ ಡ್ರಮ್ಮುಗಳ ಮೇಲಿನ ಬಣ್ಣದ ಹೆಸರಷ್ಟೇ ಆಗಲಿತ್ತು. ಆದರೆ ಅವನಿಗೆ ಆ ಹೊತ್ತಿನಲ್ಲಿ ಅದಾವುದೂ ಗೊತ್ತಿರಲಿಲ್ಲ. ಗೌರಮ್ಮ ಇನ್ನೂ ಒಮ್ಮೆಯೂ ತನ್ನ ಕಡೆ ನೋಡಿಲ್ಲ ಎಂಬುದಷ್ಟೇ ಗೊತ್ತಿತ್ತು.

ಕೊನೆಗೆ ಇನ್ಸ್‌ಪೆಕ್ಟರು ಫಾರ್ಮು ತೋರಿಸಿ, ಇದರ ಬಗ್ಗೆ ನಿನಗೇನು ಗೊತ್ತು ಎಂದು ಕೇಳಿಸಿದರು. ಗೌರಮ್ಮ ಆಗ ಶ್ರೀಪಾದನ ಕಡೆ ತಿರುಗಿದಳು. "ಇವರು ನಿನ್ನೆ ನಮ್ಮ ಮನಿಗೆ ಬಂದು, ನಾ ಬರದಿದ್ದು ಸುಳ್ಳು ಅಂತ ಹೇಳಿದ್ರು. ಕೇಳಿದ ಮ್ಯಾಲೆ ಹೇಳಿದ್ದಲ್ಲ, ತಾವ ಹೊಳ್ಳಿ ಬಂದು ಹೇಳಿದ್ರು. ಆ ಮಾತು ಖರೆ ಐತಿ. ಆದ್ರ ಇವರನ್ನ ನಾ ಕ್ಷಮಾ ಮಾಡಿಲ್ಲ. ನನ್ನ ಗಂಡ ಇವರ ಬಾಯಿ ನಂಬಿ ಸತ್ತ."

ಬಾಲಕೃಷ್ಣ ಶೆಟ್ಟರು ಗುಜರಾತಿಯಲ್ಲಿ ಹೇಳಿದರು: ಇವರು ನಿನ್ನೆ ತಾವಾಗಿಯೇ ಆಕೆಯ ಮನೆಗೆ ಬಂದು, ಬರೆದದ್ದು ಸುಳ್ಳೆಂದು ಒಪ್ಪಿಕೊಂಡರು, ಅದು ನಿಜ. ಅಷ್ಟಕ್ಕೆ ನಿಲ್ಲಿಸಿ ಕೆಳಗೆ ನೋಡಿದರು. ಇನ್ಸ್‌ಪೆಕ್ಟರು ಬರೆದುಕೊಂಡು, ಆಯಿತೇ ಎಂದು ತಲೆಯೆತ್ತಿದರು. ಕೋಣೆಯಲ್ಲಿ ಎರಡೂ ಭಾಷೆ ತಿಳಿದವರು ಇಬ್ಬರೇ. ಗೌರಮ್ಮ ತಾನು ಹೇಳಿದ್ದೆಲ್ಲ ಹೋಗಿ ಮುಟ್ಟಿತೆಂದು ನಂಬಿ, ಮೇಜಿನ ಅಂಚು ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಶ್ರೀಪಾದನ ಎದೆಯೊಳಗೆ ಏನೋ ಸಡಿಲವಾಗಿ, ಸಾಕು, ಇಷ್ಟಕ್ಕೇ ಮುಗಿಯಲಿ ಎಂದಿತು. ಅದು ಬಹಳ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂದರೆ ಅವನಿಗೆ ಭಯವಾಯಿತು.

"ಎರಡು ಮಾತು ಬಿಟ್ರಿ ಶೆಟ್ಟರ" ಎಂದ, ಕನ್ನಡದಲ್ಲಿ.

"ಅದು ಬೇಡ ಮಾರಾಯ್ರೆ" ಎಂದರು ಶೆಟ್ಟರು, ಅವನಿಗಷ್ಟೇ ಕೇಳುವಂತೆ. "ಆಕೆ ಬೇಜಾರಲ್ಲಿ ಹೇಳಿದ್ದು. ಅದನ್ನು ಬರೆಸಿ ಎಂತ ಆಗ್ಬೇಕು? ನಿಮಗೆ ಒಳ್ಳೇದಾಗ್ಲಿ ಅಂತ ಬಿಟ್ಟೆ."

"ಅದಕ್ಕ ಅಂತೀನಿ. ಹೇಳ್ರಿ."

ಏನು ಮಾತಾಡುತ್ತಿದ್ದೀರಿ ಎಂದು ಇನ್ಸ್‌ಪೆಕ್ಟರು ಕೇಳಿದರು. ಶೆಟ್ಟರು ಒಮ್ಮೆ ಗೌರಮ್ಮನನ್ನು, ಒಮ್ಮೆ ಶ್ರೀಪಾದನನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆಕೆ ಇವರನ್ನು ಕ್ಷಮಿಸಿಲ್ಲ, ಗಂಡ ಇವರ ಮಾತು ನಂಬಿ ಸತ್ತ ಎಂದು ಹೇಳುತ್ತಾಳೆ ಎಂದು ಗುಜರಾತಿಯಲ್ಲಿ, ಒಂದೊಂದೇ ಶಬ್ದವಾಗಿ, ಹೇಳಿದರು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಶ್ರೀಪಾದನನ್ನು ನೋಡಿದರು, ಮತ್ತೆ ಹಾಕಿಕೊಂಡರು, ಅದನ್ನೂ ಬರೆದುಕೊಂಡರು.